ತಿನಿಸು ಸಿಗುವ ಹೊತ್ತು ಮತ್ತು ಪ್ರಾಣಿವರ್ತನೆ

ತಿನಿಸು ಬಾಯಿಗೆ ಸಿಕ್ಕಾಗ, ಅದರ ಹಿಂದಿನ ಕ್ಷಣದಲ್ಲಿ ಮಾಡಿದ್ದನ್ನೇ ಪ್ರಾಣಿ ಮತ್ತೆ ಮಾಡುವ ಸಂಭವ ಹೆಚ್ಚುತ್ತದೆ. ಇದಕ್ಕೆ ಮನೋವಿಜ್ಞಾನದಲ್ಲಿ ಪುನರ್ಬಲನ ಎಂದು ಹೆಸರು. ಪಟ್ಟದಕಲ್ಲಿನ ಸುತ್ತ ಮಲಪ್ರಭೆಯ ದಂಡೆಯ ಊರುಗಳಲ್ಲಿ ಹೈನು ಮಾಡುವವರಿಗೆ ಹೊತ್ತಿನ ಬೆಲೆ ಗೊತ್ತು. ನೆನೆಸಿದ ಹತ್ತಿಕಾಳಿನ ಹಿಂಡಿ ಮುಂದಿಟ್ಟು ಕೆಚ್ಚಲಿಗೆ ಕೈಹಾಕಿದರೆ ಎಮ್ಮೆ ಸೊರೆ ಬಿಡುತ್ತದೆ. ದಿನವೂ ಹೀಗೆ ನಡೆದರೆ ಬುಟ್ಟಿಯ ಸಪ್ಪಳವೇ ಸಾಕಾಗುತ್ತದೆ.

ಹೊತ್ತು ಕಾಕತಾಳೀಯವಾದರೂ ಪರಿಣಾಮ ತಪ್ಪದು. ಅಮೆರಿಕದ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಎಂಟು ಹಸಿದ ಪಾರಿವಾಳಗಳ ವರ್ತನೆ ವಿವರಿಸಿದರು. ಅವು ಏನೇ ಮಾಡಲಿ, ಗೊತ್ತಾದ ಅಂತರಕ್ಕೊಮ್ಮೆ ಕಾಳು ಬರುತ್ತಿತ್ತು. ಒಂದು ಹಕ್ಕಿ ಗೂಡಿನಲ್ಲಿ ಸುತ್ತು ಹಾಕತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಿದ್ದಾಗ ಮಾಡುತ್ತಿದ್ದ ಚಲನೆಯೇ ರೂಢಿಯಾಯಿತೆಂಬುದು ಅವರ ವಿವರಣೆ.

1957ರಲ್ಲಿ ಫರ್ಸ್ಟರ್ ಮತ್ತು ಸ್ಕಿನ್ನರ್ ಆಹಾರ ನೀಡಿಕೆಯ ಕ್ರಮಗಳನ್ನು ವಿಸ್ತಾರವಾಗಿ ದಾಖಲಿಸಿದರು. ನಿಗದಿತ ಅವಧಿಗೆ ಸಿಕ್ಕರೆ ಪ್ರಾಣಿ ತಿಂದ ಮೇಲೆ ಸುಮ್ಮನಿದ್ದು, ಹೊತ್ತು ಹತ್ತಿರವಾದಂತೆ ಚುರುಕಾಗುತ್ತದೆ. ಎಷ್ಟನೆಯ ಯತ್ನಕ್ಕೆ ಸಿಗುವುದೆಂದು ತಿಳಿಯದಿದ್ದರೆ ಬಿಡುವಿಲ್ಲದೆ ಯತ್ನಿಸುತ್ತದೆ. ಹೀಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿ ಕಲಿತದ್ದು ತಿನಿಸು ನಿಂತರೂ ಬಹುಕಾಲ ಉಳಿಯುತ್ತದೆ.

ಬಾದಾಮಿಯ ಗುಹಾಲಯಗಳ ಮೆಟ್ಟಿಲುಗಳ ಮೇಲೆ ಇದೇ ನಿಯಮವನ್ನು ಕಣ್ಣಾರೆ ಕಾಣಬಹುದು. ಕೋತಿ ಕೈಚೀಲಕ್ಕೆ ಜೋತುಬೀಳುತ್ತದೆ; ಹತ್ತು ಜನ ಗದರಿ ಓಡಿಸುತ್ತಾರೆ, ಹನ್ನೊಂದನೆಯವರು ಬೆದರಿ ಬಾಳೆಹಣ್ಣು ಎಸೆಯುತ್ತಾರೆ. ಅದು ದಾನವೆಂದು ಕೊಟ್ಟವರ ಭಾವನೆ. ಕೋತಿಯ ಪಾಲಿಗೆ ಕಸಿದದ್ದಕ್ಕೆ ಸಿಕ್ಕ ಫಲ. ಬಂಡೀಪುರದ ಕೋತಿಗಳು ಜನರತ್ತ ಕೂಗಿ, ಕೈಚಾಚಿ, ಅವರ ಗಮನ ತಮ್ಮ ಕಡೆ ಇದೆಯೇ ಎಂದು ನೋಡಿಕೊಂಡು ತಿನಿಸು ಕೇಳುವುದನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ವರದಿ ಮಾಡಿದ್ದಾರೆ. ಬೇಡುವುದಾಗಲಿ ಕಸಿಯುವುದಾಗಲಿ, ಫಲ ಕೊಟ್ಟ ದಾರಿಯೇ ಉಳಿಯುತ್ತದೆ.

ತಿನಿಸು ಒಮ್ಮೆಲೇ ನಿಂತರೆ ಮೊದಮೊದಲು ಉಪಟಳ ಹೆಚ್ಚಬಹುದು, ಆಮೇಲೆ ಇಳಿಯುತ್ತದೆ. ನಡುವೆ ಒಬ್ಬರು ಕೈಸೋತು ಕೊಟ್ಟರೂ ಹಳೆಯ ಚಾಳಿ ಮತ್ತೆ ಬೇರೂರುತ್ತದೆ. ಆದಕಾರಣ ಗುಹೆಗಳನ್ನು ನೋಡಲು ಬರುವವರು ಕೋತಿಗಳಿಗೆ ಒಂದು ತುತ್ತನ್ನೂ ಕೊಡಬಾರದು.