ಯಾವ ಇಪ್ಪತ್ತಾರು? ಸೈಕಲ್ ಬಿಡಿಭಾಗಗಳೊಳಗಿನ ಚರಿತ್ರೆ

ಸೈಕಲ್ ರಿಪೇರಿ ಕಲಿಯಲು ಹೊರಟವರಿಗೆ ಬಿಚ್ಚುವುದು ಕಷ್ಟವಲ್ಲ. ಒಂದು ಪಾನಾ, ಒಂದು ಸ್ಕ್ರೂಡ್ರೈವರ್, ಸ್ವಲ್ಪ ಸೀಮೆಎಣ್ಣೆ ಇದ್ದರೆ ಅರ್ಧ ದಿನದಲ್ಲಿ ಇಡೀ ಸೈಕಲ್ ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿಕೊಂಡಿರುತ್ತದೆ. ನಿಜವಾದ ಪಾಠ ಶುರುವಾಗುವುದು ಸವೆದ ಭಾಗವನ್ನು ಹಿಡಿದು ಅಂಗಡಿಗೆ ಹೋದಾಗ. ‘ಅಣ್ಣಾ, ಇಪ್ಪತ್ತಾರರ ಟೈರ್ ಕೊಡಿ’ ಎಂದರೆ ಅಂಗಡಿಯಾತ ತಲೆಯೆತ್ತಿ ‘ಯಾವ ಇಪ್ಪತ್ತಾರು?’ ಎನ್ನುತ್ತಾನೆ. ಇಪ್ಪತ್ತಾರರಲ್ಲಿ ಎಷ್ಟು ಬಗೆ ಇರಲು ಸಾಧ್ಯ ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಆದರೆ ಆತನ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಮೊದಲು ಒಗಟನ್ನೇ ನೋಡೋಣ. 26 × 1⅜ ಎಂಬ ಟೈರ್ ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್. 26 × 1½ ಎಂಬುದರದ್ದು 584. ಗುಡ್ಡಗಾಡು ಮಾದರಿಯ ಸೈಕಲ್ಲುಗಳಿಗೆ ಬರುವ 26 × 2.125 ಟೈರಿನದು 559. ಮೂರಕ್ಕೂ ಹೆಸರು ಇಪ್ಪತ್ತಾರೇ, ಆದರೆ ಒಂದರ ಟೈರ್ ಇನ್ನೊಂದರ ರಿಮ್ಮಿಗೆ ಕೂರುವುದಿಲ್ಲ. ಆರು ಮಿಲಿಮೀಟರ್ ಕಡಿಮೆಯಾದರೆ ಟೈರ್ ರಿಮ್ಮನ್ನು ಹತ್ತುವುದೇ ಇಲ್ಲ, ಆರು ಮಿಲಿಮೀಟರ್ ಹೆಚ್ಚಾದರೆ ಗಾಳಿ ತುಂಬಿದೊಡನೆ ಕಳಚಿ ಬರುತ್ತದೆ. ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಹಾಲಿನ ಕ್ಯಾನು ಹೊರುವ ನಮ್ಮ ಹಳೆಯ ಕರಿ ಸೈಕಲ್ಲಿನ ‘28’ರ ರಿಮ್ಮು 635 ಮಿಲಿಮೀಟರ್. ಈಗಿನ ದುಬಾರಿ ಸೈಕಲ್ಲಿನ ‘29’ರ ರಿಮ್ಮು 622. ಅಂದರೆ ಇಪ್ಪತ್ತೊಂಬತ್ತಕ್ಕಿಂತ ಇಪ್ಪತ್ತೆಂಟೇ ದೊಡ್ಡದು!

ಈ ಗೊಂದಲ ಹುಟ್ಟಿದ್ದು ಯಾರ ದಡ್ಡತನದಿಂದಲೂ ಅಲ್ಲ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ಲನ್ನು ತಂದ. ಹೆಚ್ಚುಕಡಿಮೆ ಸಮಗಾತ್ರದ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು: ಇಂದಿನ ಸೈಕಲ್ಲಿನ ಚಹರೆ ಅಲ್ಲಿಂದ ಬಂದದ್ದು. ಅದಾದ ಮೂರು ವರ್ಷಕ್ಕೆ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಆಗ ಸವಾರನಿಗೆ ಬೇಕಿದ್ದ ಅಳತೆ ಚಕ್ರದ ಒಟ್ಟು ಎತ್ತರ. ಟೈರ್ ಸೇರಿಸಿ ಚಕ್ರ ಎಷ್ಟು ಇಂಚು, ಟೈರಿನ ದಪ್ಪ ಎಷ್ಟು ಇಂಚು ಎಂಬ ಎರಡು ಸಂಖ್ಯೆಗಳು ಸಾಕಿದ್ದವು. 28 × 1½ ಎಂದರೆ ಹೊರಗಿನ ವ್ಯಾಸ 28 ಇಂಚು, ದಪ್ಪ ಒಂದೂವರೆ. ಮೇಲಿನ ಒಂದೂವರೆ, ಕೆಳಗಿನ ಒಂದೂವರೆ ಕಳೆದರೆ ಉಳಿಯುವುದು 25 ಇಂಚು. ಅದನ್ನು 25.4ರಿಂದ ಗುಣಿಸಿ: 635 ಮಿಲಿಮೀಟರ್. ಹಾಗೆಯೇ 26ರಲ್ಲಿ ಎರಡು ಒಂದೂವರೆ ಕಳೆದರೆ 23 ಇಂಚು, ಅಂದರೆ 584. ಎರಡು 1⅜ ಕಳೆದರೆ 23¼ ಇಂಚು, ಅಂದರೆ 590. ಲೆಕ್ಕ ಅಂದವಾಗಿ ಕೂಡಿಕೊಳ್ಳುತ್ತದೆ. ಹೆಸರು ಹೊರಗಿನ ಅಳತೆಯದ್ದು, ಕೂರುವುದು ಒಳಗಿನ ಅಳತೆಯ ಮೇಲೆ. ಒಗಟಿನ ಬೇರು ಇಷ್ಟೇ.

ಫ್ರೆಂಚರು ಇದೇ ಕೆಲಸವನ್ನು ಮಿಲಿಮೀಟರಿನಲ್ಲಿ ಮಾಡಿದರು. 700 ಮಿಲಿಮೀಟರ್ ಹೊರವ್ಯಾಸದ ಚಕ್ರ ಎಂದಿಟ್ಟುಕೊಂಡು, ಟೈರಿನ ದಪ್ಪಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ಅಕ್ಷರ ಹಚ್ಚಿದರು. ಟೈರ್ ದಪ್ಪವಾದಷ್ಟೂ ರಿಮ್ಮು ಚಿಕ್ಕದು. ಅವರ 700 ಬಿ ಎಂದರೆ 635, ನಮ್ಮ ಇಪ್ಪತ್ತೆಂಟು ಒಂದೂವರೆಯೇ. 700 ಸಿ ಎಂದರೆ 622. ಮುಂದೆ ಅದೇ 622ರ ರಿಮ್ಮಿಗೆ ಸಪೂರ ಟೈರ್ ಹಾಕಿ ಓಟದ ಸೈಕಲ್ ಮಾಡಿದರು, ಭಾರಿ ದಪ್ಪದ ಟೈರ್ ಹಾಕಿ ‘29’ ಎಂದು ಕರೆದರು. ಹೆಸರು ಟೈರನ್ನು ಹಿಂಬಾಲಿಸಿತು, ರಿಮ್ಮು ನಿಂತಲ್ಲೇ ನಿಂತಿತು.

ಅಮೆರಿಕದಲ್ಲಿ ಶ್ವಿನ್ ಕಂಪನಿ 1933ರಲ್ಲಿ ಬಲೂನಿನಂಥ ದಪ್ಪ ಟೈರುಗಳನ್ನು ತಂದಿತು. 559ರ ವಂಶ ಅಲ್ಲಿಯದು. ಅಲ್ಲಿಂದ ಇನ್ನೊಂದು ಬಲೆಯೂ ಹುಟ್ಟಿತು. 26 × 1.75 ಮತ್ತು 26 × 1¾ ಎರಡೂ ಗಣಿತದ ಮೇಷ್ಟರಿಗೆ ಒಂದೇ, ಸೈಕಲ್ ಮೆಕ್ಯಾನಿಕನಿಗೆ ಬೇರೆ ಬೇರೆ. ಮೊದಲನೆಯದು 559, ಎರಡನೆಯದು 571. ದಶಾಂಶದಲ್ಲಿ ಬರೆದ ಟೈರಿಗೂ ಭಿನ್ನರಾಶಿಯಲ್ಲಿ ಬರೆದ ಟೈರಿಗೂ ನೆಂಟಸ್ತಿಕೆ ಇಲ್ಲವೆಂದು ಹೊಸಬರು ಗಂಟು ಹಾಕಿಕೊಳ್ಳಬೇಕು. ಕೊನೆಗೆ ಯುರೋಪಿನ ಟೈರ್ ತಯಾರಕರ ಸಂಘಟನೆಯೊಂದು ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆಯುವ ಪದ್ಧತಿ ತಂದಿತು, ಅದೇ ಮುಂದೆ ಅಂತಾರಾಷ್ಟ್ರೀಯ ಮಾನದಂಡವೂ ಆಯಿತು. ಟೈರಿನ ಪಕ್ಕೆಯಲ್ಲಿ ಸಣ್ಣ ಅಕ್ಷರದಲ್ಲಿ 40-635 ಅಥವಾ 37-590 ಎಂದು ಅಚ್ಚಾಗಿರುತ್ತದಲ್ಲ, ಅದು ಇದೇ. ದೊಡ್ಡ ಅಕ್ಷರದಲ್ಲಿರುವುದು ಚರಿತ್ರೆ, ಸಣ್ಣ ಅಕ್ಷರದಲ್ಲಿರುವುದು ಅಳತೆ.

ಒಂದು ಸೈಕಲ್ಲಿನ ಭಾಗ ಇನ್ನೊಂದಕ್ಕೆ ಹೊಂದಬೇಕು ಎಂಬ ಯೋಚನೆಯಾದರೂ ಎಲ್ಲಿಂದ ಬಂತು? ಅದರ ಒಂದು ಬೇರು ಬಂದೂಕಿನ ಕಾರ್ಖಾನೆಯಲ್ಲಿದೆ, ಇನ್ನೊಂದು ಹೊಲಿಗೆ ಯಂತ್ರದ ಕಾರ್ಖಾನೆಯಲ್ಲಿ. ಕೊವೆಂಟ್ರಿಯ ಹೊಲಿಗೆ ಯಂತ್ರದ ಕಂಪನಿಯೊಂದು 1860ರ ದಶಕದ ಕೊನೆಗೆ ಪ್ಯಾರಿಸ್ಸಿನ ಬೇಡಿಕೆಗಾಗಿ ಸೈಕಲ್ ತಯಾರಿಸಲು ಕೈಹಾಕಿತು, ಆ ಊರೇ ಮುಂದೆ ಸೈಕಲ್ಲಿನ ರಾಜಧಾನಿಯಾಯಿತು. 1861ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ನಮಗೆ ಗೊತ್ತಿರುವ ಬಿಎಸ್‌ಎ, ರೈಫಲ್ ಮಾಡುತ್ತಿದ್ದ ಕಂಪನಿ. ಯಾವ ರೈಫಲ್ಲಿನ ಭಾಗವಾದರೂ ಇನ್ನೊಂದಕ್ಕೆ ಕೂರಬೇಕೆಂಬುದು ಸೈನ್ಯದ ಪಟ್ಟು. ಬಂದೂಕಿನ ಆರ್ಡರ್ ಕಡಿಮೆಯಾದ ಕಾಲದಲ್ಲಿ ಆ ಯಂತ್ರಗಳೇ ಸೈಕಲ್ಲಿನ ಹಬ್ಬು, ಕ್ರ್ಯಾಂಕು, ಪೆಡಲುಗಳನ್ನು ಕೊರೆದವು. ಬಿಎಸ್‌ಎ ಈ ಭಾಗಗಳನ್ನು ಬೇರೆ ತಯಾರಕರಿಗೂ ಮಾರಿತು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ರೈಫಲ್ಲುಗಳ ಅದರ ಗುರುತು ಹೀಗೆ ಸೈಕಲ್ಲಿನ ಮೇಲೆ ಬಂದು ಕೂತಿತು.

ಥ್ರೆಡ್ಡಿನ ಕತೆ ಇನ್ನೂ ಸೂಕ್ಷ್ಮ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಸೈಕಲ್ ಎಂಜಿನಿಯರುಗಳು ಒಟ್ಟಾಗಿ ಸೈಕಲ್ಲಿಗೆಂದೇ ಥ್ರೆಡ್ಡಿನ ಅಳತೆಗಳನ್ನು ಗೊತ್ತುಮಾಡಿದರು. ಅನೇಕ ಭಾಗಗಳಿಗೆ ಇಂಚಿಗೆ 26 ಸುತ್ತು. ಆದರೆ ಪೆಡಲ್ ಅಕ್ಷ ತಿರುಗುವ ತಳದ ಕಪ್ಪಿಗೆ ಬ್ರಿಟಿಷ್ ಅಳತೆಯಲ್ಲಿ ಇಂಚಿಗೆ 24 ಸುತ್ತು. ನಾಟಿಂಗ್‌ಹ್ಯಾಮಿನ ರ‍್ಯಾಲಿ ಕಂಪನಿ ಮಾತ್ರ ಅಲ್ಲಿಯೂ ತನ್ನದೇ 26ನ್ನು ಇಟ್ಟುಕೊಂಡಿತು. ಫ್ರೆಂಚರದು 35 ಮಿಲಿಮೀಟರ್ ವ್ಯಾಸ, ಸುತ್ತಿಗೆ ಒಂದು ಮಿಲಿಮೀಟರ್. ಇಟಲಿಯವರು 36 ಮಿಲಿಮೀಟರ್ ವ್ಯಾಸಕ್ಕೆ ಇಂಚಿಗೆ 24 ಸುತ್ತು ಹಾಕಿ ಎರಡೂ ಪದ್ಧತಿಗಳನ್ನು ಬೆರೆಸಿದರು. ಪೆಡಲನ್ನೇ ನೋಡಿ: ಬ್ರಿಟಿಷ್ ಪೆಡಲಿನ ಅಕ್ಷ ಇಂಚಿನ ಹದಿನಾರರಲ್ಲಿ ಒಂಬತ್ತು ಭಾಗ, ಅಂದರೆ 14.29 ಮಿಲಿಮೀಟರ್. ಹಳೆಯ ಫ್ರೆಂಚ್ ಪೆಡಲಿನದು 14. ವ್ಯತ್ಯಾಸ ಒಂದು ಮಿಲಿಮೀಟರಿನ ಮೂರರಲ್ಲೊಂದು ಭಾಗವೂ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಕ್ರ್ಯಾಂಕಿನ ಥ್ರೆಡ್ಡು ತಿಂದುಹೋಗುತ್ತದೆ. ಮೊದಲ ಎರಡು ಸುತ್ತು ಬೆರಳಲ್ಲೇ ಹೋಗದ ಭಾಗಕ್ಕೆ ಪಾನಾ ಹಾಕಬಾರದು ಎಂಬ ಹಳಬರ ಮಾತು ಇದಕ್ಕೇ.

ಎಡ ಪೆಡಲ್ ಉಲ್ಟಾ ತಿರುಗುತ್ತದೆ ಎಂಬುದು ಪ್ರತಿಯೊಬ್ಬ ಕಲಿಕೆಗಾರನೂ ಬೆವರು ಸುರಿಸಿ ಕಲಿಯುವ ಸತ್ಯ. ಸಡಿಲವಾದ ಮುಷ್ಟಿಯೊಳಗೆ ಪೆನ್ಸಿಲ್ ಹಿಡಿದು ಅದರ ತುದಿಯನ್ನು ದುಂಡಗೆ ಸುತ್ತಿಸಿ ನೋಡಿ. ಸುತ್ತಿಸಿದ ದಿಕ್ಕಿಗೆ ವಿರುದ್ಧವಾಗಿ ಪೆನ್ಸಿಲ್ ತಾನೇ ಹೊರಳುತ್ತದೆ. ತುಳಿಯುವಾಗ ಪೆಡಲಿನ ಅಕ್ಷಕ್ಕೂ ಕ್ರ್ಯಾಂಕಿನೊಳಗೆ ಆಗುವುದು ಅದೇ. ಎರಡೂ ಪಕ್ಕಕ್ಕೆ ಒಂದೇ ಬಗೆಯ ಥ್ರೆಡ್ಡು ಇದ್ದರೆ ಎಡದ್ದು ಸವಾರಿಯಲ್ಲೇ ಕಳಚಿ ಬೀಳುತ್ತದೆ. ವಿಮಾನ ಹಾರಿಸುವ ಮುನ್ನ ಅಮೆರಿಕದ ಡೇಟನ್ನಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು, ತಾನಾಗಿ ಬಿಚ್ಚಿಕೊಳ್ಳದ ಪೆಡಲು ನಮ್ಮಲ್ಲಿದೆ ಎಂದು 1900ರಲ್ಲಿ ಹೇಳಿಕೊಂಡಿದ್ದು ಈ ಎಡ-ಬಲದ ಥ್ರೆಡ್ಡನ್ನು ನಂಬಿಯೇ.

ಇಷ್ಟೆಲ್ಲ ಜಗಳದ ನಡುವೆ ಲೋಕವೆಲ್ಲ ಒಪ್ಪಿದ್ದು ಚೈನಿನ ಒಂದು ಅಳತೆಯನ್ನು. ಹಾನ್ಸ್ ರೆನಾಲ್ಡ್ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೋಲರ್ ಚೈನು ರೂಪಿಸಿದ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು ಎಂಬ ಲೆಕ್ಕ ಮುಂದೆ ಎಲ್ಲೆಡೆ ನೆಲೆ ನಿಂತಿತು. 1970ರ ದಶಕದಲ್ಲಿ ಜಪಾನಿನ ಶಿಮಾನೊ ಅದನ್ನು 10 ಮಿಲಿಮೀಟರಿಗೆ ಇಳಿಸಿ ನೋಡಿತು, ಆದರೆ ಅದು ನಿಲ್ಲಲಿಲ್ಲ. ಇದರಿಂದ ಕಲಿಕೆಗಾರನಿಗೆ ಒಂದು ಲಾಭವಿದೆ. ಶಾಲೆಯ ಸ್ಕೇಲಿನಿಂದ ಚೈನಿನ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು ಬರಬೇಕು. ಹದಿನಾರರಲ್ಲೊಂದು ಇಂಚು ಹೆಚ್ಚಿದ್ದರೆ ಚೈನು ಬದಲಿಸುವ ಹೊತ್ತು ಬಂದಿದೆ. ಎಂಟರಲ್ಲೊಂದು ಇಂಚು ಹೆಚ್ಚಿದ್ದರೆ ಫ್ರೀವೀಲಿನ ಹಲ್ಲುಗಳೂ ಸವೆದಿರುವ ಸಂಭವವೇ ಹೆಚ್ಚು.

ಈ ಚರಿತ್ರೆ ನಮ್ಮಲ್ಲಿಗೆ ಬಂದದ್ದು ಹಡಗಿನಲ್ಲಿ, ಇಂಚಿನ ಅಳತೆಯಲ್ಲಿ. ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಬ್ರಿಟನ್ನಿನಿಂದ ಇಳಿದವು. ಡನ್ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಗಂಜಿನಲ್ಲಿ ಟೈರ್ ಕಾರ್ಖಾನೆ ತೆರೆಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಬರ್ಮಿಂಗ್‌ಹ್ಯಾಮಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆಗೂಡಿ ಮದರಾಸಿನ ಟಿಐ ಸೈಕಲ್ಸ್ ಹುಟ್ಟಿತು. ಅಸನ್ಸೋಲಿನಲ್ಲಿ ಸೆನ್-ರ‍್ಯಾಲಿ ಬಂತು, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಬಂತು. ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾದಿಂದ ಬಂದ ಮುಂಜಾಲ್ ಸಹೋದರರು ಮೊದಲು ನಡೆಸಿದ್ದು ಸೈಕಲ್ಲಿನ ಬಿಡಿಭಾಗಗಳ ವ್ಯಾಪಾರ. ಇಡೀ ಸೈಕಲ್ ಮಾಡುವ ಹೀರೋ ಸೈಕಲ್ಸ್ ಲೂಧಿಯಾನದಲ್ಲಿ ಶುರುವಾದದ್ದು ಆಮೇಲೆ, 1956ರಲ್ಲಿ. ಬಿಡಿಭಾಗ ಮೊದಲು, ಸೈಕಲ್ ಆನಂತರ ಎಂಬ ಕ್ರಮ ಲೂಧಿಯಾನದ ಸ್ವಭಾವವನ್ನೇ ಹೇಳುತ್ತದೆ. ಅಲ್ಲಿನ ಸಣ್ಣ ಕಾರ್ಖಾನೆಗಳಲ್ಲಿ ಒಂದು ಬೆಲ್ಲು ಮಾಡಿದರೆ ಮತ್ತೊಂದು ಪೆಡಲು ಮಾಡುತ್ತದೆ. ಬೇರೆ ಬೇರೆ ಸೂರಿನಡಿ ಆದ ಭಾಗಗಳು ಒಂದೇ ಸೈಕಲ್ಲಿನಲ್ಲಿ ಸೇರಬೇಕಾದರೆ ಅಳತೆ ಎಲ್ಲರದ್ದೂ ಒಂದೇ ಇರಬೇಕು.

ವಿಚಿತ್ರವೆಂದರೆ, ಅದೇ 1956ರಲ್ಲಿ ದೇಶವು ಮೆಟ್ರಿಕ್ ಅಳತೆಗೆ ಬದಲಾಗುವ ಕಾಯ್ದೆ ಮಾಡಿತು. ಸೇರು ಹೋಯಿತು, ಮಣ ಹೋಯಿತು, ಸೈಕಲ್ಲಿನ ಇಂಚು ಉಳಿಯಿತು. ಬ್ರಿಟನ್ನಿನ ರಸ್ತೆಗಳಿಂದ ಇಪ್ಪತ್ತೆಂಟು ಒಂದೂವರೆ ಬಹುಮಟ್ಟಿಗೆ ಮರೆಯಾದ ಮೇಲೂ ನಮ್ಮಲ್ಲಿ ಅದು ಬದುಕಿತು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಕ್ರ್ಯಾಂಕಿಗೆ ಕಾಟರ್ ಪಿನ್ನು. ಹಿಂದಿನ ಹಬ್ಬಿಗೆ ಕಾಲು ಇಂಚಿನ ಗುಂಡು, ಮುಂದಿನದಕ್ಕೆ ಹದಿನಾರರಲ್ಲಿ ಮೂರು ಇಂಚಿನದು. ಕಂಪನಿಯ ಸ್ಟಿಕ್ಕರ್ ಯಾವುದೇ ಇರಲಿ, ಒಳಗಿನ ಅಳತೆಗಳು ಹೆಚ್ಚುಕಡಿಮೆ ಇವೇ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಪಂಪು, ಒಂದು ಬೋಗುಣಿ ನೀರು, ನಾಲ್ಕು ಡಬ್ಬಿ ಬಿಡಿಭಾಗ ಇಟ್ಟುಕೊಂಡು ಒಬ್ಬ ಮನುಷ್ಯ ಇಡೀ ಊರಿನ ಸೈಕಲ್ಲುಗಳನ್ನು ನೋಡಿಕೊಳ್ಳಲು ಸಾಧ್ಯವಾದದ್ದು ಇದರಿಂದ. ಮಾನದಂಡ ಎಂಬ ಒಣ ಪದದ ನಿಜವಾದ ಅರ್ಥ ಇಲ್ಲಿದೆ: ಬಡವನ ವಾಹನ ಕೆಟ್ಟು ನಿಂತರೆ ಅದು ಸಂಜೆಯೊಳಗೆ ಮತ್ತೆ ಓಡಬೇಕು.

ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ, ಒಂದೇ ನಮೂನೆಯ ಸೈಕಲ್ಲುಗಳು ಹಳ್ಳಿಹಳ್ಳಿಗೆ ತಲುಪಿದವು. ಅಂಥ ಸೈಕಲ್ಲಿನ ಆಯುಸ್ಸು ಅದರ ಉಕ್ಕಿನಲ್ಲಿ ಎಷ್ಟಿದೆಯೋ ಅಷ್ಟೇ ಹತ್ತಿರದ ಅಂಗಡಿಯ ಡಬ್ಬಿಯಲ್ಲೂ ಇದೆ. ಒಂದು ಕೋನು, ಒಂದು ವಾಲ್ ಟ್ಯೂಬು ಸಿಗದಿದ್ದರೆ ಮಗು ಶಾಲೆಗೆ ಮತ್ತೆ ನಡೆದೇ ಹೋಗಬೇಕು. ಇಂದು ಗೇರು, ಡಿಸ್ಕ್ ಬ್ರೇಕು ಇರುವ ಹೊಸ ಸೈಕಲ್ಲುಗಳು ಬಂದಿವೆ. ಅವು ಹಗುರ, ಚುರುಕು, ಅನುಮಾನವಿಲ್ಲ. ಆದರೆ ಬ್ರೇಕಿನ ಪ್ಯಾಡಿಗೂ ಹಬ್ಬಿನ ಅಕ್ಷಕ್ಕೂ ಹತ್ತಾರು ಅಳತೆಗಳು, ಮಾದರಿ ಬದಲಾದಂತೆ ಅಳತೆಯೂ ಬದಲು. ಹಿಂದೆ ರ‍್ಯಾಲಿಯ 26 ಸುತ್ತಿನ ಥ್ರೆಡ್ಡು ಒಂದು ಕಂಪನಿಯ ಹಟವಾಗಿತ್ತು, ಈಗ ಅಂಥ ಹಟ ಹಲವರದ್ದು. ಸಣ್ಣ ಊರಿನಲ್ಲಿ ಅಂಥದ್ದೊಂದು ಕೆಟ್ಟರೆ ಭಾಗ ಸಿಗದೆ ಸೈಕಲ್ಲೇ ಮೂಲೆ ಸೇರಬಹುದು.

ಹಾಗಾಗಿ ರಿಪೇರಿ ಕಲಿಯುವವರಿಗೆ ಚರಿತ್ರೆ ಒಂದು ಉಪಕರಣವೇ. ಟೈರಿನ ದೊಡ್ಡ ಅಕ್ಷರ ನಂಬದೆ ಸಣ್ಣ ಅಕ್ಷರದ ಮಿಲಿಮೀಟರ್ ಓದಿ. ಕಡ್ಡಿಗಳನ್ನೂ ಹಲ್ಲುಗಳನ್ನೂ ಎಣಿಸಿ ಬರೆದಿಟ್ಟುಕೊಳ್ಳಿ. ಗುಂಡು, ಪಿನ್ನು, ಕೋನು ಯಾವುದೇ ಆದರೂ ಹಳೆಯದನ್ನು ಕೈಯಲ್ಲೇ ಒಯ್ಯಿರಿ, ಹೆಸರು ಹೇಳಿ ಕೇಳುವುದಕ್ಕಿಂತ ತೋರಿಸಿ ಕೇಳುವುದು ಮೇಲು. ಸೈಕಲ್ ಯಾವ ದೇಶದ್ದು, ಯಾವ ಕಾಲದ್ದು ಎಂದು ವಿಚಾರಿಸಿ, ಥ್ರೆಡ್ಡಿನ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಉಳಿದರ್ಧ ಆ ಅಂಗಡಿಯಾತನ ಬೆರಳುಗಳಲ್ಲಿದೆ. ಗುಂಡೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ‘ಇದು ಕಾಲು ಇಂಚಿಂದು’ ಎನ್ನುವ ಆ ತಿಳಿವಳಿಕೆ ಯಾವ ಪುಸ್ತಕದಲ್ಲೂ ಸುಲಭಕ್ಕೆ ಸಿಕ್ಕದು. ಅದು ಇರುವಾಗಲೇ ಅವರ ಪಕ್ಕದಲ್ಲಿ ಒಂದಷ್ಟು ದಿನ ಕೂತು ಕಲಿಯುವುದು ಒಳ್ಳೆಯದು.