ಪರಿಭಾಷೆ ನೆಲೆಗೊಳ್ಳುವ ಬಗೆ: ಒಂದು ಮುಕ್ತ ತಂತ್ರಾಂಶ ಯೋಜನೆಯ ಇತಿಹಾಸದಿಂದ

ಪಾರಿಭಾಷಿಕ ಪದಗಳ ಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಆಯೋಗಗಳ ಮತ್ತು ನಿಘಂಟುಗಳ ಚರಿತ್ರೆ. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟು, ಭಾರತ ಸರ್ಕಾರವು 1961ರಲ್ಲಿ ಸ್ಥಾಪಿಸಿದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ, ಇವೆರಡರಲ್ಲಿಯೂ ಪದವನ್ನು ಗೊತ್ತುಮಾಡುವವರು ವಿದ್ವಾಂಸರು. ಬಳಸುವವರು ಬಹುಮಟ್ಟಿಗೆ ಬೇರೆಯವರು. ಗೊತ್ತುಮಾಡುವವರೂ ಬಳಸುವವರೂ ಒಂದೇ ಸಮುದಾಯದವರಾಗಿದ್ದು, ಆ ಸಮುದಾಯವು ಹಲವು ದೇಶಗಳಲ್ಲಿ ಚೆದುರಿಹೋಗಿದ್ದರೆ ಪದವೊಂದು ಹೇಗೆ ನೆಲೆಗೊಳ್ಳುತ್ತದೆ? ಹೊರನಾಡಿನಲ್ಲಿ ಕನ್ನಡ ಸಂಶೋಧನೆ ಮಾಡುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ನಾವು ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರು ಕೊಟ್ಟರೆ, ಒಬ್ಬರು ಸಿದ್ಧಪಡಿಸಿದ ಗ್ರಂಥಸೂಚಿ ಇನ್ನೊಬ್ಬರ ಹುಡುಕಾಟಕ್ಕೆ ಸಿಕ್ಕುವುದಿಲ್ಲ. ಆದುದರಿಂದ ಜಾಲತಾಣಗಳನ್ನು ಕಟ್ಟಲು ಬಳಕೆಯಾಗುವ ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಪರಿಭಾಷೆಯ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಿದ್ದೇವೆ. ಮುಕ್ತ ಎಂದರೆ ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದರ್ಥ.

ಈ ಯೋಜನೆಯ ಹೆಸರೇ ಒಂದು ಪಾಠಾಂತರದಿಂದ ಹುಟ್ಟಿದುದು. ಬೆಲ್ಜಿಯಮ್ಮಿನ ಆಂಟ್ವರ್ಪ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಡ್ರೀಸ್ ಬೈಟಾರ್ಟ್ ತನ್ನ ಗೆಳೆಯರ ಬಳಗಕ್ಕಾಗಿ ಕಟ್ಟಿದ ತಾಣಕ್ಕೆ ಡಚ್ ಭಾಷೆಯ ‘ಡಾರ್ಪ್’, ಎಂದರೆ ಹಳ್ಳಿ, ಎಂಬ ಹೆಸರನ್ನು ನೋಂದಾಯಿಸಲು ಹೊರಟು, ಅಕ್ಷರ ಪಲ್ಲಟವಾಗಿ ‘ಡ್ರಾಪ್’ ಎಂದು ಬರೆದನು. ತಪ್ಪನ್ನು ತಿದ್ದದೆ ಒಪ್ಪಿಕೊಂಡನು. 2001ರ ಜನವರಿಯಲ್ಲಿ ಆ ತಾಣದ ಹಿಂದಿದ್ದ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ, ಹನಿ ಎಂಬರ್ಥದ ಡಚ್ ಪದ ‘ಡ್ರುಪ್ಪೆಲ್’ ಇಂಗ್ಲಿಷ್ ನಾಲಗೆಯಲ್ಲಿ ಪಡೆಯುವ ರೂಪವನ್ನು ಹಿಡಿದು ‘ಡ್ರೂಪಲ್’ ಎಂದಾಯಿತು. ಹಸ್ತಪ್ರತಿಗಳ ಸಂಗದಲ್ಲಿ ಬಾಳಿದವರಿಗೆ ಇಂತಹ ಅಕ್ಷರ ಪಲ್ಲಟ ಹೊಸದಲ್ಲ. ಇಲ್ಲಿ ಗಮನಿಸಬೇಕಾದುದು ಬೇರೆ: ಸ್ಥಾಪಕನ ಮಾತೃಭಾಷೆ ಇಂಗ್ಲಿಷಲ್ಲ, ಆದರೂ ಯೋಜನೆಯ ಪರಿಭಾಷೆ ಮೊದಲಿನಿಂದಲೂ ಇಂಗ್ಲಿಷಿನಲ್ಲಿಯೇ ರೂಪುಗೊಂಡಿತು.

ಆ ಪರಿಭಾಷೆಯ ಕೇಂದ್ರದಲ್ಲಿದ್ದ ಪದ ‘ನೋಡ್’. ತಾಣದಲ್ಲಿ ಪ್ರಕಟವಾಗುವ ಲೇಖನ, ಪುಟ, ಪ್ರಕಟಣೆ ಯಾವುದೇ ಇರಲಿ, ತಂತ್ರಾಂಶದ ಒಳಗೆ ಅದು ಒಂದು ನೋಡ್. ಎಂದರೆ ಜಾಲದ ಒಂದು ಗಂಟು. ತಂತ್ರಾಂಶ ರಚಿಸುವವನ ದೃಷ್ಟಿಯಿಂದ ಇದು ಉಚಿತವಾದ ಪದವೇ. ಎಲ್ಲ ಬಗೆಯ ಬರಹಗಳನ್ನೂ ಒಂದೇ ವಿಧಾನದಿಂದ ನಿರ್ವಹಿಸಬಹುದೆಂಬ ತತ್ತ್ವ ಅದರಲ್ಲಿ ಅಡಗಿದೆ. ಆದರೆ ಒಂದು ಶಾಲೆಯ ವಾರ್ತಾಪತ್ರವನ್ನು ಪ್ರಕಟಿಸಲು ಬಂದವರಿಗೆ ತಾವು ಬರೆದುದು ಗಂಟು ಎಂದರೆ ಏನು ತಿಳಿಯಬೇಕು? 2008ರ ಆರಂಭದಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಹೊಸಬರನ್ನು ಕೂರಿಸಿ ಈ ತಂತ್ರಾಂಶವನ್ನು ಪರೀಕ್ಷಿಸಲಾಯಿತು. ಅವರಿಗೆ ಎದುರಾದ ತೊಡಕುಗಳಲ್ಲಿ ಪರಿಭಾಷೆಯ ತೊಡಕೂ ಒಂದಾಗಿತ್ತು. 2011ರ ಜನವರಿಯಲ್ಲಿ ಹೊರಬಂದ ಏಳನೆಯ ಆವೃತ್ತಿಗಾಗಿ ನಡೆದ ಪರಿಷ್ಕರಣದಲ್ಲಿ ‘ನೋಡ್’ ಪದವನ್ನು ಬಳಕೆದಾರರ ಕಣ್ಣಿನಿಂದ ಮರೆಮಾಡಿ, ಅದರ ಸ್ಥಾನದಲ್ಲಿ ‘ಕಂಟೆಂಟ್’ ಎಂಬುದನ್ನು ತರುವ ಕೆಲಸ ಬಹುಮಟ್ಟಿಗೆ ನೆರವೇರಿತು.

ಬಹುಮಟ್ಟಿಗೆ ಎಂದು ಹೇಳಲು ಕಾರಣವಿದೆ. ಇಂಗ್ಲಿಷಿನಲ್ಲಿ ‘ನೋಡ್’ ಎಣಿಕೆಗೆ ಸಿಕ್ಕುವ ನಾಮಪದ. ‘ಕಂಟೆಂಟ್’ ಈ ಅರ್ಥದಲ್ಲಿ ಹಾಗಲ್ಲ. ಒಂದು ನೋಡ್, ಹತ್ತು ನೋಡ್‌ಗಳು ಎನ್ನಬಹುದು. ಒಂದು ಕಂಟೆಂಟ್ ಎನ್ನಲಾಗದು. ಆದುದರಿಂದ ಒಂದು ಪದವಿದ್ದ ಕಡೆ ‘ಕಂಟೆಂಟಿನ ಒಂದು ಭಾಗ’ ಎಂಬಂತಹ ಪದಪುಂಜವನ್ನು ಹೂಡಬೇಕಾಯಿತು. ಇನ್ನೂ ಮುಖ್ಯವಾದುದೆಂದರೆ, ಹೊರಗೆ ಹೆಸರು ಬದಲಾದರೂ ಒಳಗೆ ಬದಲಾಗಲಿಲ್ಲ. ನಿರ್ವಾಹಕನಿಗೆ ಕೊಡುವ ಒಂದು ಅನುಮತಿಯ ಶೀರ್ಷಿಕೆ ‘ಕಂಟೆಂಟ್ ನಿರ್ವಹಣೆ’ ಎಂದಾಯಿತು. ಯಂತ್ರವು ಓದುವ ಅದರ ಹೆಸರು ಮಾತ್ರ ‘ನೋಡ್‌ಗಳ ನಿರ್ವಹಣೆ’ ಎಂದೇ ಉಳಿಯಿತು. ಹೊಸ ಬರಹವನ್ನು ಸೇರಿಸುವ ವಿಳಾಸದಲ್ಲಿಯೂ ನೋಡ್ ಎಂದೇ ಇದೆ. ಆ ಒಳಹೆಸರನ್ನು ನೆಚ್ಚಿಕೊಂಡು ಪ್ರಪಂಚದಾದ್ಯಂತ ಸಹಸ್ರಾರು ಜನರು ತಮ್ಮ ಪೂರಕ ಭಾಗಗಳನ್ನು ಬರೆದಿದ್ದರು. ಅದನ್ನು ಬದಲಿಸಿದರೆ ಅವೆಲ್ಲವೂ ಕೆಡುತ್ತಿದ್ದುವು. ಹೀಗೆ ಒಂದೇ ವಸ್ತುವಿಗೆ ಎರಡು ಹೆಸರುಗಳು ನಿಂತುವು: ಪಂಡಿತರಿಗೊಂದು, ಪಾಮರರಿಗೊಂದು.

ಒಮ್ಮೆ ಬಳಕೆಗೆ ಬಿದ್ದ ಒಳಹೆಸರು ತಪ್ಪೆಂದು ತಿಳಿದ ಮೇಲೂ ಅಳಿಯದಿರುವುದಕ್ಕೆ ಹಳಗನ್ನಡದವರಿಗೆ ಇದಕ್ಕಿಂತ ಹತ್ತಿರದ ನಿದರ್ಶನವೊಂದಿದೆ. ಜಾಲತಾಣಗಳೆಲ್ಲವೂ ಇಂದು ಅವಲಂಬಿಸಿರುವ ಯೂನಿಕೋಡ್ ಸಂಕೇತಕ್ರಮದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಅಧಿಕೃತ ಹೆಸರುಂಟು. ನಮ್ಮ ೞಕಾರಕ್ಕೆ ಅಲ್ಲಿ ದೊರೆತಿರುವ ಹೆಸರು ‘ಕನ್ನಡ ಅಕ್ಷರ ಫ’, ಎಂದರೆ ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರ. ಯಾರೋ ಅಕ್ಷರದ ಆಕಾರವನ್ನು ಕಂಡು ಹೀಗೆ ಭಾವಿಸಿರಬೇಕೆಂದು ತೋರುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳ ಭೇದವನ್ನು ನಿರೂಪಿಸಿ ೞಕಾರವಿರುವ ಶಬ್ದಗಳನ್ನು ಎಣಿಸಿ ಹೇಳಬೇಕಾಗಿ ಬಂದುದು ಆ ಭೇದ ಆಗಲೇ ನಾಲಗೆಯಿಂದ ಜಾರುತ್ತಿದ್ದುದರಿಂದ. ಅಷ್ಟು ಜೋಪಾನದಿಂದ ಕಾಯ್ದಿಟ್ಟ ಅಕ್ಷರ ಏಳು ಶತಮಾನಗಳ ಬಳಿಕ ಅನ್ಯಧ್ವನಿಯೊಂದರ ಹೆಸರಿನಲ್ಲಿ ದಾಖಲಾಯಿತು. 1996ರ ಎರಡನೆಯ ಆವೃತ್ತಿಯಿಂದ ಯೂನಿಕೋಡಿನಲ್ಲಿ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿದೆ. ಆದ ಕಾರಣ ಹೆಸರು ಹಾಗೆಯೇ ಇದೆ. ಅದು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯನಾಮವನ್ನೂ ಪಕ್ಕದಲ್ಲಿ ಸೇರಿಸಲಾಗಿದೆ. ಇದು ಅಸಮರ್ಪಕ ಪರಿಹಾರವೆಂದು ನಮಗೆ ಅನ್ನಿಸುವುದಿಲ್ಲ. ಪ್ರಾಚೀನ ಪ್ರತಿಯ ಪಾಠವನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ಶುದ್ಧಪಾಠವನ್ನು ಸೂಚಿಸುವ ಸಂಪಾದಕನ ಕ್ರಮವೂ ಇದೇ ಅಲ್ಲವೇ?

ಡ್ರೂಪಲ್ಲಿನ ಇತರ ಪದಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಆರನೆಯ ಆವೃತ್ತಿಯಲ್ಲಿ ಬರಹಗಳು ‘ಪೇಜ್’ ಮತ್ತು ‘ಸ್ಟೋರಿ’ ಎಂದು ಎರಡು ಬಗೆಯಾಗಿದ್ದುವು. ಇವುಗಳ ವ್ಯತ್ಯಾಸ ಹೊಸಬರಿಗೆ ಸ್ಫುಟವಾಗುತ್ತಿರಲಿಲ್ಲ. ಏಳನೆಯದರಲ್ಲಿ ಅವು ‘ಬೇಸಿಕ್ ಪೇಜ್’ ಮತ್ತು ‘ಆರ್ಟಿಕಲ್’ ಆದುವು. ವಿಷಯ ವಿಂಗಡಣೆಯ ವ್ಯವಸ್ಥೆಗೆ ಜೀವವಿಜ್ಞಾನದಿಂದ ತಂದ ‘ಟ್ಯಾಕ್ಸಾನಮಿ’ ಎಂಬ ಹೆಸರು ಮಾತ್ರ, ಕಠಿನವಾದರೂ, ಉಳಿದುಕೊಂಡಿತು. ಯಾವ ಬದಲಾವಣೆಯನ್ನಾದರೂ ಯಾರಾದರೂ ಸೂಚಿಸಬಹುದು, ಇತರರು ವಿಮರ್ಶಿಸಬಹುದು. ಕೊನೆಯ ಒಪ್ಪಿಗೆ ಮಾತ್ರ ಸ್ಥಾಪಕನದು ಮತ್ತು ಅವನು ನೇಮಿಸಿದ ಕೆಲವರದು. ಈ ಕೊನೆಯ ಅಂಶವನ್ನು ಮರೆತು ಇಂತಹ ಯೋಜನೆಗಳನ್ನು ಶುದ್ಧ ಪ್ರಜಾಪ್ರಭುತ್ವವೆಂದು ಹೊಗಳುವುದು ಸರಿಯಲ್ಲ.

2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಯೋಜನೆಯಲ್ಲಿಯೂ ಇಂತಹವು ನಡೆದಿವೆ. ಹಲವು ಕಡೆ ಮತ್ತೆ ಮತ್ತೆ ಬಳಸಬಹುದಾದ ಭಾಗಗಳಿಗೆ ಅಲ್ಲಿದ್ದ ಹೆಸರನ್ನು 2023ರ ಆಗಸ್ಟಿನ ಆವೃತ್ತಿಯಲ್ಲಿ ಬದಲಿಸಿದಾಗ, ಹಿಂದಿನ ಹೆಸರಿನಲ್ಲಿ ಬರೆದಿದ್ದ ಪಾಠಗಳೆಲ್ಲವೂ ಒಮ್ಮೆಗೇ ಹಳತಾದುವು.

ಇಂಗ್ಲಿಷಿನಲ್ಲಿ ಒಮ್ಮತ ಮೂಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅನುವಾದಕರಿಗೆ ಅಲ್ಲಿಂದಲೇ ಆರಂಭ. ಇಂಗ್ಲಿಷಿನ ‘ಆರ್ಡರ್’ ಕ್ರಮವೂ ಹೌದು, ಆದೇಶವೂ ಹೌದು, ಅಂಗಡಿಗೆ ಕೊಡುವ ಬೇಡಿಕೆಯೂ ಹೌದು. ತಂತ್ರಾಂಶದಲ್ಲಿ ಈ ಪದ ಒಂದೇ ಬಾರಿ ನಮೂದಾಗಿದ್ದರೆ ಕನ್ನಡದಲ್ಲಿಯೂ ಒಂದೇ ಪದ ಎಲ್ಲೆಡೆ ಮೂಡುತ್ತದೆ. ಡ್ರೂಪಲ್ ಏಳನೆಯ ಆವೃತ್ತಿಯಲ್ಲಿ ಪದದ ಜೊತೆಗೆ ಅದರ ಸಂದರ್ಭವನ್ನೂ ನಮೂದಿಸುವ ಸೌಲಭ್ಯ ಬಂದಿತು. ಅದರ ಪ್ರಸಿದ್ಧ ಉದಾಹರಣೆ ‘ಮೇ’ ತಿಂಗಳು: ಇಂಗ್ಲಿಷಿನಲ್ಲಿ ಅದರ ಪೂರ್ಣರೂಪವೂ ಹ್ರಸ್ವರೂಪವೂ ಒಂದೇ, ಬೇರೆ ಭಾಷೆಗಳಲ್ಲಿ ಹಾಗಿರಬೇಕಾಗಿಲ್ಲ. ಶಬ್ದಾರ್ಥವನ್ನು ಪ್ರಕರಣದಿಂದ ನಿರ್ಣಯಿಸಬೇಕೆಂಬ ನಮ್ಮ ಮೀಮಾಂಸಕರ ಮಾತು ಯಂತ್ರಕ್ಕೂ ಅನಿವಾರ್ಯವಾಯಿತು.

ಕನ್ನಡಕ್ಕೆ ಬರೋಣ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ತಂತ್ರಾಂಶದಲ್ಲಿ ‘ಯೂಸರ್’ ಎಂಬುದಕ್ಕೆ ‘ಸದಸ್ಯ’ ಎಂಬ ಪದ ನೆಲೆಗೊಂಡಿತು. ‘ಟೆಂಪ್ಲೇಟ್’ ಮಾತ್ರ ಉಕಾರಾಂತವಾಗಿ ‘ಟೆಂಪ್ಲೇಟು’ ಆಯಿತು. ಸದಸ್ಯನೆಂದರೆ ಸಭೆಗೆ ಸೇರಿದವನು, ಬಳಸುವವನಲ್ಲ. ಮರಾಠಿ ಮತ್ತು ಹಿಂದಿಗಳೂ ಇದೇ ಪದವನ್ನು ಹಿಡಿದುವು. ತೆಲುಗಿನವರು ಮೊದಲು ‘ಸಭ್ಯುಡು’ ಎಂದಿದ್ದು, ಅನಂತರ ಬಳಸುವವನು ಎಂಬರ್ಥದ ‘ವಾಡುಕರಿ’ಗೆ ಬಂದರು, ಹಳೆಯ ಪದವನ್ನು ಪರ್ಯಾಯನಾಮವಾಗಿ ಉಳಿಸಿಕೊಂಡುದರಿಂದ ಹಳೆಯ ಕೊಂಡಿಗಳು ಕಡಿಯಲಿಲ್ಲ. ಹೈದರಾಬಾದಿನ ಮಿತ್ರರು ಈ ಕ್ರಮವನ್ನು ವಿವರವಾಗಿ ಅಭ್ಯಸಿಸಬೇಕೆಂಬುದು ನಮ್ಮ ಅಪೇಕ್ಷೆ.

ಕೆಲವು ಪದಗಳು ಯಾವ ಸಮಿತಿಯೂ ಇಲ್ಲದೆ ಒದಗಿಬಂದಿವೆ. ‘ತಾಣ’ ಸಂಸ್ಕೃತದ ಸ್ಥಾನ ಶಬ್ದದ ತದ್ಭವ. ‘ಜಾಲತಾಣ’ದಲ್ಲಿ ಅದು ಹೊಸ ಬಾಳನ್ನು ಪಡೆದಿದೆ. ‘ಕಡತ’ವಂತೂ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಮಸಿಯನ್ನೂ ಬಳಿದು ಮಡಿಸಿದ ಬಟ್ಟೆಯ ಪುಸ್ತಕ, ಬಳಪದಿಂದ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುವಂಥದು. ಅದು ಕಚೇರಿಯ ಫೈಲಿಗೂ ಅಲ್ಲಿಂದ ಗಣಕಯಂತ್ರದ ಫೈಲಿಗೂ ಹೆಸರಾದುದು ಎಷ್ಟು ಸಹಜ! ಇದಕ್ಕೆ ವ್ಯತಿರಿಕ್ತವಾದುದು ‘ಅಂತರ್ಜಾಲ’ ಮತ್ತು ‘ಅಂತರಜಾಲ’ಗಳ ವಿವಾದ. ಅಂತರ್ ಎಂದರೆ ಒಳಗೆ. ಅಂತರ ಎಂದರೆ ನಡುವೆ. ವ್ಯಾಕರಣದ ಪ್ರಕಾರ ಎರಡನೆಯದೇ ಸಾಧು. ಆದರೆ ಮೊದಲನೆಯದು ಪತ್ರಿಕೆಗಳಲ್ಲಿ ಬೇರೂರಿದೆ. ನಾವು ಎರಡನೆಯದನ್ನು ಬಳಸುತ್ತೇವೆ. ಹುಡುಕುಪದಗಳ ಪಟ್ಟಿಯಲ್ಲಿ ಮಾತ್ರ ಎರಡನ್ನೂ ಕೊಡದೆ ಗತ್ಯಂತರವಿಲ್ಲ.

ಇನ್ನೂ ಇತ್ಯರ್ಥವಾಗದಿರುವುದು ‘ಕಾಮೆಂಟ್’. ಟಿಪ್ಪಣಿ, ಅನಿಸಿಕೆ, ಪ್ರತಿಕ್ರಿಯೆ ಮೂರೂ ಚಲಾವಣೆಯಲ್ಲಿವೆ. ಮಧ್ಯಕಾಲದ ನಮ್ಮ ಗ್ರಂಥಗಳಲ್ಲಿ ಇದಕ್ಕೆ ಸಮೀಪವಾದುದು ‘ಟೀಕೆ’; ಎಂದರೆ ಮೂಲದ ಅರ್ಥವಿವರಣೆ. ಇಂದಿನ ಕನ್ನಡದಲ್ಲಿ ಅದು ಆಕ್ಷೇಪಣೆ ಎಂಬರ್ಥಕ್ಕೆ ತಿರುಗಿದೆ. ಮರಾಠಿಯ ರೂಢಿಯೂ ಬಹುಮಟ್ಟಿಗೆ ಅದೇ. ತೆಲುಗಿನಲ್ಲಿ ಮಾತ್ರ ‘ಟೀಕ’ ಎಂದರೆ ಈಗಲೂ ಪದಾರ್ಥ ವಿವರಣೆ. ಹಳಗನ್ನಡ ಕಾವ್ಯವೊಂದನ್ನು ಅದರ ಹಳೆಯ ಟೀಕೆಯೊಡನೆ ಜಾಲತಾಣದಲ್ಲಿ ಪ್ರಕಟಿಸುವಾಗ ಒಂದೇ ಪುಟದಲ್ಲಿ ಮೂರು ಪದಗಳು ಬೇಕಾಗುತ್ತವೆ: ಪ್ರಾಚೀನ ವ್ಯಾಖ್ಯಾನಕಾರನದಕ್ಕೆ ಒಂದು, ಸಂಪಾದಕನದಕ್ಕೆ ಒಂದು, ಓದುಗನದಕ್ಕೆ ಒಂದು. ಮೊದಲನೆಯದನ್ನು ಟೀಕೆ ಎಂದೂ, ಎರಡನೆಯದನ್ನು ಟಿಪ್ಪಣಿ ಎಂದೂ, ಮೂರನೆಯದನ್ನು ಪ್ರತಿಕ್ರಿಯೆ ಎಂದೂ ಕರೆಯಬಹುದೆಂದು ನಮ್ಮ ಸೂಚನೆ. ಪುಣೆಯ ಓದುಗರು ಇವುಗಳಲ್ಲಿ ಮೊದಲನೆಯದನ್ನು ಹೇಗೆ ಅರ್ಥೈಸುವರೆಂಬುದನ್ನು ಅಲ್ಲಿಯ ವಿದ್ವಾಂಸರು ತಿಳಿಸಬೇಕು.