ಇಂಗ್ಲಿಷ್ ನಿರ್ದೇಶಕ ಪದಗಳು: ಇತಿಹಾಸ ಮತ್ತು ಕನ್ನಡಿಗರ ಕಲಿಕೆ

ನಾಮಪದದ ಹಿಂದೆ ಬಂದು ಅದು ಯಾವುದು, ಯಾರದು, ಎಷ್ಟು ಎಂದು ಗೊತ್ತುಪಡಿಸುವ ಪದಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ಡಿಟರ್ಮಿನರ್ ಎಂದು ಹೆಸರು. ಎ, ಆ್ಯನ್, ದಿ ಎಂಬ ಮೂರು ಆರ್ಟಿಕಲ್‌ಗಳ ಜೊತೆಗೆ ದಿಸ್, ದಟ್, ಮೈ, ಸಮ್, ಎನಿ, ಎವ್ರಿ, ಮೆನಿ, ಮಚ್ ಮೊದಲಾದವು ಈ ಗುಂಪಿಗೆ ಸೇರುತ್ತವೆ.

ಇವುಗಳಲ್ಲಿ ಎರಡು ಮುಖ್ಯ ಪದಗಳು ಹುಟ್ಟಿನಿಂದ ಆರ್ಟಿಕಲ್‌ಗಳೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಆ’ ಎಂದು ಬೊಟ್ಟುಮಾಡಿ ತೋರಿಸುತ್ತಿದ್ದ ಪದ ಸವೆದು ದಿ ಆಯಿತು. ‘ಒಂದು’ ಎಂಬ ಸಂಖ್ಯಾವಾಚಕ ಸವೆದು ಆ್ಯನ್, ಎ ಆಯಿತು. ಹೀಗೆ ಅಂಟಿಕೊಂಡ ಆ್ಯನ್ ಮುಂದಿನ ಪದವನ್ನೇ ಕತ್ತರಿಸಿದ್ದೂ ಉಂಟು: ‘ಎ ನ್ಯಾಪ್ರನ್’ ಎಂಬುದು ಜನರ ಬಾಯಲ್ಲಿ ‘ಆ್ಯನ್ ಏಪ್ರನ್’ ಆಗಿ ನಿಂತಿತು.

ವ್ಯಾಕರಣಕಾರರು ಇವನ್ನು ಎಲ್ಲಿ ಕೂರಿಸಬೇಕೆಂದು ಬಹಳ ಕಾಲ ತಡಕಾಡಿದರು. 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರ್‍ರೆಯ ವ್ಯಾಕರಣ ಆರ್ಟಿಕಲ್ಲನ್ನು ಪ್ರತ್ಯೇಕ ಪದವರ್ಗವೆಂದು ಎಣಿಸಿತು. 1930ರ ದಶಕದಲ್ಲಿ ಭಾರತದ ಶಾಲೆಗಳಿಗಾಗಿಯೇ ಬಂದ ರೆನ್ ಮತ್ತು ಮಾರ್ಟಿನ್ ಪುಸ್ತಕ ಅವನ್ನು ಗುಣವಾಚಕಗಳ ಸಾಲಿಗೆ ಸೇರಿಸಿತು. ಬ್ಲೂಮ್‌ಫೀಲ್ಡ್ ಎಂಬ ಭಾಷಾವಿಜ್ಞಾನಿ 1933ರ ತನ್ನ ಗ್ರಂಥದಲ್ಲಿ ಡಿಟರ್ಮಿನರ್ ಎಂಬ ಹೆಸರನ್ನು ಬಳಸಿದ್ದರೂ, ಅದಕ್ಕೆ ವಿವರವಾದ ಚೌಕಟ್ಟು ಸಿಕ್ಕಿದ್ದು ಮುಂದೆ, ಕ್ವರ್ಕ್ ಮತ್ತು ಸಂಗಡಿಗರ ವ್ಯಾಕರಣದಲ್ಲಿ. ಮೊದಲು ಬರುವವು, ನಡುವೆ ಬರುವವು, ಕೊನೆಗೆ ಬರುವವು ಎಂದು ಅವರು ಮೂರು ಸ್ಥಾನ ಗುರುತಿಸಿದರು. ನಡುವಿನ ಸ್ಥಾನದಲ್ಲಿ ಒಂದೇ ಪದಕ್ಕೆ ಜಾಗ. ಕಲಿಯುವವರಿಗೆ ಅತ್ಯಂತ ಉಪಯುಕ್ತವಾದ ಸೂತ್ರ ಇದೇ. ನಮ್ಮ ತರಗತಿಗಳಲ್ಲಿ ಅಷ್ಟಾಗಿ ಕಿವಿಗೆ ಬೀಳದಿರುವುದೂ ಇದೇ.

ಆ ತರಗತಿಗಳ ಹಿನ್ನೆಲೆಯೂ ಎಲ್ಲೆಡೆ ಒಂದೇ ಅಲ್ಲ. ಕೊಪ್ಪಳ ಜಿಲ್ಲೆಯ ಕಾರಟಗಿ ಸೀಮೆಗೆ ಇಂಗ್ಲಿಷ್ ಬಂದ ದಾರಿ ಹಳೆಯ ಮೈಸೂರಿನದಕ್ಕಿಂತ ಬೇರೆ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಅದರ ಮೇಲೆ ಇಂಗ್ಲಿಷ್. ಕನ್ನಡದಲ್ಲೂ ಉರ್ದುವಿನಲ್ಲೂ ‘ದಿ’ಗೆ ಸಮನಾದ ಪದವಿಲ್ಲ. 1956ರ ಏಕೀಕರಣದ ನಂತರ ಕನ್ನಡ ಮಾಧ್ಯಮ ನೆಲೆಯೂರಿತು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಸ್ಥಾಪನೆಯಾಗಿ ಶಿಕ್ಷಕರ ತರಬೇತಿಗೆ ನಿಂತವು. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಕ್ರಮ 2007–08ರಲ್ಲಿ ಆರಂಭವಾಯಿತು.

ಕನ್ನಡದಲ್ಲಿ ಆರ್ಟಿಕಲ್ ಇಲ್ಲವೆಂದ ಮಾತ್ರಕ್ಕೆ ಎ, ದಿಗಳ ನಡುವಿನ ಅರ್ಥಭೇದವೇ ಇಲ್ಲವೆಂದಲ್ಲ. ಹಳಗನ್ನಡದಲ್ಲಿ ಆ, ಈ ಎಂಬೆರಡರ ನಡುವಿನ ದೂರಕ್ಕೂ ಬೇರೆ ರೂಪವಿತ್ತು: ಅವನ್, ಇವನ್ ಜೊತೆಗೆ ಉವನ್. ಆ ಮೂರನೆಯದು ಬಿದ್ದುಹೋಗಿದೆ. ಇಂದಿನ ಕನ್ನಡ ಆರ್ಟಿಕಲ್ಲಿನ ಕೆಲಸವನ್ನು ಬಹುಮಟ್ಟಿಗೆ ಪದಗಳ ಸ್ಥಾನದಿಂದ ಮತ್ತು ವಿಭಕ್ತಿ ಪ್ರತ್ಯಯದಿಂದ ಮಾಡಿಸಿಕೊಳ್ಳುತ್ತದೆ. ‘ಮನೆ ಮುಂದೆ ನಾಯಿ ಇದೆ’ ಎಂದರೆ ಯಾವುದೋ ಒಂದು ನಾಯಿ, ಇಂಗ್ಲಿಷಿನಲ್ಲಿ ಎ ಬೇಕು. ‘ನಾಯಿ ಮನೆ ಮುಂದೆ ಇದೆ’ ಎಂದರೆ ಇಬ್ಬರಿಗೂ ಗೊತ್ತಿರುವ ನಾಯಿ, ದಿ ಬೇಕು. ಅಕ್ಕಿ ಗಿರಣಿಯಲ್ಲಿ ‘ಹಮಾಲ ಚೀಲ ಹೊತ್ತ’ ಎಂದರೆ ಅವನು ಮಾಡಿದ ಕೆಲಸದ ಮಾತು. ‘ಚೀಲವನ್ನು ಹೊತ್ತ’ ಎಂದರೆ ಇಂಥದೇ ಎಂದು ಮನಸ್ಸಿನಲ್ಲಿರುವ ಚೀಲ. ಆದರೆ ‘ಅನ್ನು’ ಬಂದಲ್ಲೆಲ್ಲ ದಿ ಹಾಕಿದರೆ ಕೆಡುತ್ತದೆ. ‘ಒಂದು ಪುಸ್ತಕವನ್ನು ಓದಿದೆ’ ಎನ್ನುತ್ತೇವೆ, ಅಲ್ಲಿ ಎ ಸರಿ. ‘ಹುಡುಗನನ್ನು ಕರೆ’ ಎನ್ನುವಾಗ ಪ್ರತ್ಯಯ ಹೇಗೂ ಬಿಡಲಾಗದು.

ಕನ್ನಡಿಗರ ತಪ್ಪುಗಳಿಗೆ ಕಾರಣವೂ ಇಲ್ಲೇ ಸಿಗುತ್ತದೆ. ‘ನನ್ನ ಆ ಪುಸ್ತಕ ಎಲ್ಲಿ?’ ಎಂಬುದು ಒಳ್ಳೆಯ ಕನ್ನಡ. ಅದನ್ನು ‘ಮೈ ದಟ್ ಬುಕ್’ ಎಂದರೆ ನಡುವಿನ ಒಂದೇ ಜಾಗಕ್ಕೆ ಇಬ್ಬರು ಬಂದಂತಾಯಿತು. ‘ದಟ್ ಬುಕ್ ಆಫ್ ಮೈನ್’ ಎಂದು ಒಬ್ಬರನ್ನು ಆಚೆ ಕಳಿಸಬೇಕು. ‘ನನ್ನ ಎಲ್ಲ ಗೆಳೆಯರು’ ಎನ್ನುವ ನಾವು ‘ಆಲ್ ಮೈ ಫ್ರೆಂಡ್ಸ್’ ಎಂದು ಕ್ರಮ ತಿರುಗಿಸಬೇಕು. ಸ್ವರಾಕ್ಷರದ ಹಿಂದೆ ಆ್ಯನ್ ಎಂದು ಬಾಯಿಪಾಠ ಮಾಡಿದವರು ‘ಆ್ಯನ್ ಯೂನಿವರ್ಸಿಟಿ’ ಎಂದು ಬರೆಯುತ್ತಾರೆ. ನೋಡಬೇಕಾದ್ದು ಅಕ್ಷರವನ್ನಲ್ಲ, ಉಚ್ಚಾರವನ್ನು: ‘ಎ ಯೂನಿವರ್ಸಿಟಿ’, ಆದರೆ ‘ಆ್ಯನ್ ಅವರ್’. ‘ಎ ಫ್ಯೂ’ ಎಂದರೆ ಕೆಲವು ಇವೆ. ಎ ಬಿಟ್ಟು ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ.

ಕನ್ನಡದ ‘ಬಹಳ’ ಎಣಿಸುವುದಕ್ಕೂ ಆಗುತ್ತದೆ, ಅಳೆಯುವುದಕ್ಕೂ ಆಗುತ್ತದೆ. ಇಂಗ್ಲಿಷಿನಲ್ಲಿ ಚೀಲಗಳಿಗೆ ಮೆನಿ, ಅಕ್ಕಿಗೆ ಮಚ್. ಭತ್ತ ಬೆಳೆದು ಅಕ್ಕಿ ಮಾಡಿಸುವ ಕಾರಟಗಿಯಲ್ಲಿ ಶಿಕ್ಷಕರು ಈ ಪಾಠವನ್ನು ಪಠ್ಯಪುಸ್ತಕದ ಸೇಬು, ಆನೆಗಳ ಬದಲು ಗಿರಣಿಯ ಚೀಲದಿಂದಲೇ ಶುರುಮಾಡುವುದು ಒಳ್ಳೆಯದು.